ಎಲೆಕ್ಟ್ರಿಕ್ ಗಾಡಿ ಎಷ್ಟು ಸ್ಪೀಡ್ ಹೋಗುತ್ತೆ? 25ರ ಲಾಕ್, ಎದುರುಗಾಳಿ ಮತ್ತು ಹೈದರಾಬಾದಿನ ಏರು

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋದಕ್ಕೆ ಅನುಕೂಲ ಆಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕ್ತಾ ಇದ್ದೀನಿ. ವಿಡಿಯೋದಲ್ಲಿ ಲೆಕ್ಕಗಳನ್ನ ಬೇಗ ಬೇಗ ಹೇಳಿಬಿಟ್ಟೆ, ಇಲ್ಲಿ ನಿಧಾನವಾಗಿ ನೋಡಬಹುದು.

ಮೊದಲು ನಮ್ಮ ಮನೆ ಕಥೆ. ಎರಡು ವರ್ಷದ ಹಿಂದೆ ಕೊಂಡಾಪುರದಲ್ಲಿ ಮಗನನ್ನ ಸ್ಕೂಲಿಗೆ ಬಿಟ್ಟು ಬರೋಕೆ ನನ್ನ ಹೆಂಡತಿಗೆ ಒಂದು ಗಾಡಿ ಬೇಕಿತ್ತು. ಅವಳಿಗೆ ಲೈಸೆನ್ಸ್ ಇರಲಿಲ್ಲ. ಶೋರೂಮಿನವರು "ಇದಕ್ಕೆ ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ, ಇನ್ಶೂರೆನ್ಸೂ ಬೇಡ" ಅಂದ್ರು. ನಾನು ಖುಷಿಯಿಂದ ತಗೊಂಡುಬಿಟ್ಟೆ. ಒಂದು ತಿಂಗಳಾದ ಮೇಲೆ ಅವಳು ಹೇಳಿದ್ಲು: "ರೀ, ಈ ಗಾಡೀಲಿ ಮೇನ್ ರೋಡಿಗೆ ಹೋಗೋಕೆ ಭಯ ಆಗುತ್ತೆ. ಜೋರಾಗಿ ಹೋಗುತ್ತೆ ಅಂತಲ್ಲ, ಹೋಗಲ್ಲ ಅಂತ." ಹಿಂದಿನಿಂದ ಕ್ಯಾಬು, ಬಸ್ಸು ಎಲ್ಲಾ 50ರಲ್ಲಿ ಬರುತ್ತವೆ, ಇವಳು ಮಗನನ್ನ ಕೂರಿಸಿಕೊಂಡು 25ರಲ್ಲಿ. ಹಾರ್ನ್ ಮೇಲೆ ಹಾರ್ನ್.

ಸರ್ವೀಸಿಗೆ ಕೊಟ್ಟಾಗ ಅಲ್ಲಿನ ಹುಡುಗ ಹೈದರಾಬಾದಿ ಹಿಂದಿಯಲ್ಲಿ ಮೆತ್ತಗೆ ಒಂದು ಮಾತು ಹೇಳಿದ. ಒಂದು ವೈರ್ ತೆಗೆದರೆ ಸಾಕು, 45ರ ತನಕ ಹೋಗುತ್ತೆ, ಐದು ನಿಮಿಷದ ಕೆಲಸ ಅಂತ. ನಿಜ ಹೇಳ್ತೀನಿ, ನಾನು ಹೂಂ ಅನ್ನೋದರಲ್ಲಿದ್ದೆ. ಆ ರಾತ್ರಿ ಕೂತು ಓದಿಕೊಂಡೆ. ಓದಿದ್ದು ಇಷ್ಟು.

25 ಅನ್ನೋ ಅಂಕಿ ಎಲ್ಲಿಂದ ಬಂತು?

ಅದು ಮೋಟಾರಿನ ಕೊನೆ ಮಿತಿ ಅಲ್ಲ, ಕಾನೂನಿನ ಗೆರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಬ್ಯಾಟರಿ ದ್ವಿಚಕ್ರ ವಾಹನದ ಮೋಟಾರಿನ 30 ನಿಮಿಷದ ಶಕ್ತಿ 250 ವ್ಯಾಟಿಗಿಂತ ಕಮ್ಮಿ ಇದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಮ್ಮಿ ಇದ್ದರೆ ಅದನ್ನ "ಮೋಟಾರು ವಾಹನ" ಅಂತ ಲೆಕ್ಕಕ್ಕೆ ತಗೊಳ್ಳೋದಿಲ್ಲ. ತೂಕಕ್ಕೂ ಮಿತಿ ಇದೆ. ಇದನ್ನೆಲ್ಲಾ ಪಾಲಿಸೋ ಗಾಡಿಗೆ ಮಾತ್ರ ನಂಬರ್ ಪ್ಲೇಟಿನಿಂದ ವಿನಾಯಿತಿ.

ಅಮೆರಿಕದಲ್ಲಿರೋ ನಿಮ್ಮ ತಮ್ಮನೋ ಭಾವನೋ "ಇ-ಬೈಕ್" ಅಂದಾಗ ಸಾಮಾನ್ಯವಾಗಿ ಪೆಡಲ್ ಇರೋ ಸೈಕಲ್ ಅಂತ ಅರ್ಥ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಮೂರು ದರ್ಜೆಗಳಿವೆ. ಮೊದಲ ಎರಡರಲ್ಲಿ ಮೋಟಾರಿನ ಸಹಾಯ 32 ಕಿ.ಮೀ. ವೇಗದ ತನಕ, ಮೂರನೇದರಲ್ಲಿ 45ರ ತನಕ. ಯುರೋಪಿನಲ್ಲಿ ನಮ್ಮ ಹಾಗೇ 250 ವ್ಯಾಟ್, 25 ಕಿ.ಮೀ. ಅಂದ್ರೆ "ಎಲೆಕ್ಟ್ರಿಕ್ ಬೈಕ್ ಎಷ್ಟು ಸ್ಪೀಡ್ ಹೋಗುತ್ತೆ" ಅನ್ನೋ ಪ್ರಶ್ನೆಗೆ ಮೊದಲ ಉತ್ತರ ಕೊಡೋದು ಕಾನೂನು.

ಗೆರೆ ದಾಟಿ ರಿಜಿಸ್ಟರ್ ಆದ ಗಾಡಿಗಳಲ್ಲಿ ಆಯ್ಕೆ ದೊಡ್ಡದು. ನಮ್ಮ ಬೆಂಗಳೂರಿನ ಏಥರ್ 450ಎಕ್ಸ್ 90ರ ತನಕ ಹೋಗುತ್ತೆ, ಅದೇ ಕಂಪನಿಯ 450 ಅಪೆಕ್ಸ್ 100ರ ತನಕ. ಅದೇ ಊರಿನ ಅಲ್ಟ್ರಾವಯಲೆಟ್ ಎಫ್77 ಮ್ಯಾಕ್ 2 ಬೈಕಿಗೆ ಕಂಪನಿ ಹೇಳೋದು 155. ಇಲ್ಲಿ ಐಐಟಿ ಹೈದರಾಬಾದಿನ ಆವರಣದಲ್ಲಿ ಹುಟ್ಟಿದ ಪ್ಯೂರ್ ಇವಿ ಕೂಡ ಸ್ಕೂಟರು, ಬೈಕು ಎರಡೂ ಮಾಡುತ್ತೆ.

ಮೋಟಾರ್ ಯಾಕೆ ಒಂದು ಕಡೆ ನಿಲ್ಲುತ್ತೆ?

ಮೋಟಾರು ತಿರುಗುವಾಗ ಅದೇ ಒಂದು ಡೈನಮೋ ಥರ ಕೆಲಸ ಮಾಡುತ್ತೆ. ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಹುಟ್ಟಿಸುತ್ತೆ. ಜೋರಾಗಿ ತಿರುಗಿದಷ್ಟೂ ಈ ಎದುರು ವೋಲ್ಟೇಜ್ ಜಾಸ್ತಿ. ಅದು ಬ್ಯಾಟರಿ ವೋಲ್ಟೇಜಿನ ಹತ್ತಿರ ಬಂದಾಗ ಕರೆಂಟ್ ಒಳಗೆ ಹರಿಯೋಕೆ ಜಾಗ ಇರಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ರೂ ಗಾಡಿ ಅಲ್ಲೇ. ಅದಕ್ಕೇ ಒಂದೇ ಮೋಟಾರಿಗೆ 48 ವೋಲ್ಟಿನ ಬ್ಯಾಟರಿ ಬದಲು 60 ವೋಲ್ಟಿನದು ಹಾಕಿದ್ರೆ ವೇಗ ಏರೋದು.

ಇದೇ ಕಾರಣಕ್ಕೆ ಸಾದಾ ಗಾಡಿಗಳಲ್ಲಿ ಬೆಳಿಗ್ಗೆ ಇದ್ದ ಸ್ಪೀಡ್ ಸಂಜೆ ಇರಲ್ಲ. 48 ವೋಲ್ಟ್ ಅಂತ ಬರೆದಿರೋ 13 ಸೆಲ್ ಸಾಲಿನ ಲಿಥಿಯಂ ಬ್ಯಾಟರಿ ಫುಲ್ ಚಾರ್ಜಿನಲ್ಲಿ 54.6 ವೋಲ್ಟ್ ಇರುತ್ತೆ, ಖಾಲಿ ಆಗ್ತಾ 40ರ ಹತ್ತಿರ ಇಳಿಯುತ್ತೆ. ವೋಲ್ಟೇಜ್ ಇಳಿದ ಹಾಗೆ ವೇಗವೂ ಇಳಿಯುತ್ತೆ. ಒಳ್ಳೆ ಸ್ಕೂಟರುಗಳಲ್ಲಿ ಸಾಫ್ಟ್‌ವೇರು ಇದನ್ನ ಸಂಭಾಳಿಸುತ್ತೆ, ಚಾರ್ಜ್ ತುಂಬಾ ಕಮ್ಮಿ ಆದಾಗ ಜೋರಿನ ಮೋಡುಗಳನ್ನ ತಾನೇ ಮುಚ್ಚಿಬಿಡುತ್ತೆ. ಕೋಡ್ ಬರೆಯೋ ನಮಗೆ ಇದು ಹೊಸದಲ್ಲ, ಥ್ರಾಟಲಿಂಗ್ ಅಷ್ಟೇ.

ದೊಡ್ಡ ಶತ್ರು ಗಾಳಿ

ಗಾಳಿಯ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಗಾಳಿಯನ್ನ ಸೀಳೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಸ್ಕೂಟರು ಮತ್ತು ಸವಾರ ಸೇರಿ 190 ಕೆ.ಜಿ. ಅಂತ ಇಟ್ಟುಕೊಂಡು, ಸಮತಟ್ಟು ರಸ್ತೆಗೆ ನಾನು ಹಾಕಿದ ಅಂದಾಜು ಲೆಕ್ಕ ಇದು (ಟೈರಿನ ಘರ್ಷಣೆ ಸೇರಿಸಿ):

- 40 ಕಿ.ಮೀ. ವೇಗಕ್ಕೆ ಸುಮಾರು 0.8 ಕಿಲೋವ್ಯಾಟ್
- 60ಕ್ಕೆ ಸುಮಾರು 2 ಕಿಲೋವ್ಯಾಟ್
- 80ಕ್ಕೆ ಸುಮಾರು 4.2 ಕಿಲೋವ್ಯಾಟ್
- 90ಕ್ಕೆ ಸುಮಾರು 5.9 ಕಿಲೋವ್ಯಾಟ್

450ಎಕ್ಸ್ ಸ್ಕೂಟರಿನ ಗರಿಷ್ಠ ಶಕ್ತಿ 6.4 ಕಿಲೋವ್ಯಾಟ್, ಗರಿಷ್ಠ ವೇಗ 90. ಲೆಕ್ಕ ಹೆಚ್ಚುಕಮ್ಮಿ ಕೂತ್ಕೊಳ್ಳುತ್ತೆ. ಎಫ್77ರಲ್ಲಿ 155 ಮುಟ್ಟೋಕೆ 30 ಕಿಲೋವ್ಯಾಟಿನ ಮೋಟಾರು ಬೇಕಾಯ್ತು. ವೇಗ ಎರಡು ಪಟ್ಟೂ ಆಗಿಲ್ಲ, ಶಕ್ತಿ ಸುಮಾರು ಐದು ಪಟ್ಟು.

ಬೆಲೆ ಕಟ್ಟೋದು ಬ್ಯಾಟರಿ. ರಿವೋಲ್ಟ್ ಆರ್‌ವಿ400 ಬೈಕಿಗೆ ಕಂಪನಿಯೇ ಕೊಟ್ಟ ಅಂಕಿ ನೋಡಿ: ಇಕೋ ಮೋಡಿನಲ್ಲಿ 45ರ ವೇಗ, 150 ಕಿ.ಮೀ. ದೂರ. ನಾರ್ಮಲ್‌ನಲ್ಲಿ 65, 100 ಕಿ.ಮೀ. ಸ್ಪೋರ್ಟ್‌ನಲ್ಲಿ 85, ಬರೀ 80 ಕಿ.ಮೀ. ಅದೇ ಬ್ಯಾಟರಿ, ಅದೇ ಬೈಕು.

ನನ್ನ ಟೀಮಿನಲ್ಲಿ ಬೀದರಿನ ಗೆಳೆಯ ಒಬ್ಬ ಇದ್ದಾನೆ. ಒಂದು ಶನಿವಾರ ಪಟಾನ್‌ಚೆರುವಿನ ರೂಮಿನಿಂದ ಸ್ಕೂಟರ್ ಹತ್ತಿ ಊರಿಗೆ ಹೊರಟ. ಹೈವೇ ಖಾಲಿ ಇತ್ತು, 80ರಲ್ಲೇ ಹೋದ. ಜಹೀರಾಬಾದ್ ಬರೋ ಹೊತ್ತಿಗೆ ಚಾರ್ಜ್ ಮುಗೀತಾ ಬಂದಿತ್ತು. ಒಂದು ಹೋಟೆಲಿನವರನ್ನ ಕೇಳಿ ಪ್ಲಗ್ ಹಾಕಿ ನಾಲ್ಕು ಗಂಟೆ ಕೂತ. ಫೋನಿನಲ್ಲಿ ಹೇಳಿದ: "ಏನ್ ಮಾಡ್ಲಿ ಅಣ್ಣಾ, ಗಾಡಿ ಜೋರ್ ಓಡ್ತದ, ಚಾರ್ಜ್ ಅದಕ್ಕಿಂತ ಜೋರ್ ಓಡ್ತದ." ವಾಪಸ್ ಬರುವಾಗ 50ರಲ್ಲಿ ಬಂದ, ಎಲ್ಲೂ ನಿಲ್ಲಬೇಕಾಗಲಿಲ್ಲ. ಎದುರುಗಾಳಿ ಇದ್ದರೆ ಇನ್ನೂ ಕಷ್ಟ. 60ರಲ್ಲಿ ಹೋಗುವಾಗ 15 ಕಿ.ಮೀ. ವೇಗದ ಗಾಳಿ ಎದುರು ಬಂದ್ರೆ, ಗಾಳಿಗೆ ಅಂತ ಖರ್ಚಾಗೋ ಶಕ್ತಿ ಸುಮಾರು ಒಂದೂವರೆ ಪಟ್ಟಾಗುತ್ತೆ.

ಹೈದರಾಬಾದಿನ ಏರು, ಹೈದರಾಬಾದಿನ ಬಿಸಿಲು

ನಾವಿರೋದು ಬಂಡೆಗಳ ಮೇಲೆ ಕಟ್ಟಿದ ಊರಿನಲ್ಲಿ. ಜುಬಿಲಿ ಹಿಲ್ಸ್, ಬಂಜಾರಾ ಹಿಲ್ಸ್ ಹೆಸರಿನಲ್ಲೇ ಬೆಟ್ಟ ಇದೆ. ಗಚ್ಚಿಬೌಲಿ, ಕೊತ್ತಗೂಡ ಕಡೆ ಒಂದು ಫ್ಲೈಓವರ್ ಇಳಿದ್ರೆ ಇನ್ನೊಂದು. ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತೆಯಲ್ಲಿ ಅದೇ 190 ಕೆ.ಜಿ.ಯನ್ನ 40ರ ವೇಗದಲ್ಲಿ ಹತ್ತಿಸೋಕೆ ಹೆಚ್ಚುವರಿ ಸುಮಾರು 1 ಕಿಲೋವ್ಯಾಟ್ ಬೇಕು. ಸಮತಟ್ಟಿನಲ್ಲಿ 0.8 ಸಾಕಾಗಿತ್ತು, ಏರಿನಲ್ಲಿ 1.8. ಹಿಂದೆ 60 ಕೆ.ಜಿ.ಯವರು ಕೂತ್ರೆ 2 ಕಿಲೋವ್ಯಾಟ್ ದಾಟುತ್ತೆ. 250 ವ್ಯಾಟಿನ ಗಾಡಿ ಫ್ಲೈಓವರಿನಲ್ಲಿ ಯಾಕೆ ಏದುಸಿರು ಬಿಡುತ್ತೆ ಅನ್ನೋದು ಇಲ್ಲೇ ಗೊತ್ತಾಗುತ್ತೆ. ಸಮತಟ್ಟಿನಲ್ಲಿ ತೂಕದ ಪ್ರಭಾವ ಕಮ್ಮಿ, ಏರಿನಲ್ಲೂ ಸಿಗ್ನಲ್ ಬಿಟ್ಟಾಗಲೂ ಜಾಸ್ತಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಹೊಸದಲ್ಲ. ಮೋಟಾರು, ಕಂಟ್ರೋಲರು, ಬ್ಯಾಟರಿ ಮೂರೂ ಕೆಲಸ ಮಾಡುವಾಗ ಬಿಸಿ ಆಗುತ್ತವೆ. ಹೊರಗೇ ಕಾದಿದ್ರೆ ಆ ಬಿಸಿ ಹೋಗೋದಕ್ಕೆ ಜಾಗ ಇರಲ್ಲ. ಆಗ ಗಾಡಿ ತನ್ನನ್ನ ಕಾಪಾಡಿಕೊಳ್ಳೋಕೆ ತಾನೇ ಶಕ್ತಿ ಇಳಿಸುತ್ತೆ. ಕೊಳ್ಳುವಾಗ ಎರಡು ಅಂಕಿ ಕೇಳಿ: ಪೀಕ್ ಪವರ್ ಮತ್ತು ಕಂಟಿನ್ಯೂಯಸ್ ಪವರ್. ಮೊದಲನೇದು ಸ್ವಲ್ಪ ಹೊತ್ತು ಮಾತ್ರ ಸಿಗೋದು, ಎರಡನೇದು ಬಿಸಿ ಆಗದೆ ಉದ್ದಕ್ಕೂ ಸಿಗೋದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರೋದು ಮೊದಲನೇದು.

ಟೈರ್ ಗಾಳಿ ಪುಕ್ಕಟೆ ಉಪಾಯ. ಗಾಳಿ ಕಮ್ಮಿ ಇದ್ರೆ ಟೈರು ಚಪ್ಪಟೆಯಾಗಿ ಘರ್ಷಣೆ ಏರುತ್ತೆ, ವೇಗವೂ ದೂರವೂ ಎರಡೂ ಕಮ್ಮಿ. ಸ್ಪೀಡೋಮೀಟರನ್ನ ಪೂರ್ತಿ ನಂಬಬೇಡಿ. ಅದು ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋ ಹಾಗಿಲ್ಲ, ಹಾಗಾಗಿ ತಯಾರಕರು ಸ್ವಲ್ಪ ಜಾಸ್ತಿ ತೋರಿಸೋ ಹಾಗೇ ಇಡ್ತಾರೆ.

ಆ ವೈರ್ ತೆಗೆಸಿದ್ದರೆ ಏನಾಗ್ತಿತ್ತು?

ಈಗ ನಮ್ಮ ಮನೆ ಗಾಡಿಗೆ ಬರೋಣ. ಹುಡುಗ ಹೇಳಿದ್ದು ಸುಳ್ಳಲ್ಲ. ಸಾದಾ ಕಂಟ್ರೋಲರುಗಳಲ್ಲಿ ವೇಗದ ಮಿತಿಗೆ ಅಂತ ಒಂದು ವೈರ್ ಇರುತ್ತೆ, ಬಿಚ್ಚಿದ್ರೆ ಲಾಕ್ ಹೋಗುತ್ತೆ. ಆದ್ರೆ ಆ ಗಾಡಿಯ ಬ್ರೇಕು, ಟೈರು, ಫ್ರೇಮು ಎಲ್ಲಾ 25ಕ್ಕೆ ಅಂತ ಮಾಡಿದ್ದು.

25ರಲ್ಲಿ ಹೋಗುವಾಗ ಯಾರೋ ಅಡ್ಡ ಬಂದ್ರು ಅಂತಿಟ್ಕೊಳ್ಳಿ. ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ತಗೊಂಡ್ರೆ ಅಷ್ಟರಲ್ಲಿ 7 ಮೀಟರ್, ಆಮೇಲೆ ಒಳ್ಳೆ ಬ್ರೇಕಿನಲ್ಲಿ ಇನ್ನೊಂದು 5 ಮೀಟರ್. ಒಟ್ಟು 12. 50ರಲ್ಲಿ 14 ಮತ್ತು 19, ಒಟ್ಟು 33 ಮೀಟರ್. ಸಣ್ಣ ಡ್ರಮ್ ಬ್ರೇಕ್ ಆದ್ರೆ ಇನ್ನೂ ಜಾಸ್ತಿ. ಜೊತೆಗೆ ಮೋಟಾರಿಗೂ ಬ್ಯಾಟರಿಗೂ ಹೇಳಿದ್ದಕ್ಕಿಂತ ಜಾಸ್ತಿ ಕರೆಂಟು, ಜಾಸ್ತಿ ಬಿಸಿ. 2022ರಲ್ಲಿ ಬೇರೆ ಬೇರೆ ಕಡೆ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನ ಬಿಗಿ ಮಾಡಿತು. ಪರೀಕ್ಷೆ ಪಾಸಾದದ್ದು ಕಂಪನಿ ಕೊಟ್ಟ ಗಾಡಿ, ನಾವು ವೈರ್ ಬಿಚ್ಚಿದ ಗಾಡಿ ಅಲ್ಲ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ವಿಷಯ. 25 ದಾಟಿದ ಕ್ಷಣ ಅದು ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನ. ಆಗ ನನ್ನ ಹೆಂಡತಿ ಲೈಸೆನ್ಸ್ ಇಲ್ಲದೆ, ನಂಬರ್ ಇಲ್ಲದೆ, ಇನ್ಶೂರೆನ್ಸ್ ಇಲ್ಲದೆ ಗಾಡಿ ಓಡಿಸಿದ ಹಾಗೆ. ಯಾರಿಗಾದ್ರೂ ಪೆಟ್ಟು ಬಿದ್ರೆ ಥರ್ಡ್ ಪಾರ್ಟಿ ಪರಿಹಾರ ಕೊಡೋಕೆ ಯಾವ ಕಂಪನಿಯೂ ಇಲ್ಲ, ಪೂರ್ತಿ ನಮ್ಮ ಕೈಯಿಂದ. ಬೇರೆ ಊರಿಗೆ ಬಂದು ಬಾಡಿಗೆ ಮನೆಯಲ್ಲಿ ಇಎಂಐ ಕಟ್ಟಿಕೊಂಡಿರೋ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ.

ಹಾಗಂತ ಅವಳ ಭಯ ಸುಳ್ಳಾಗಿರಲಿಲ್ಲ. ಹೈದರಾಬಾದಿನಲ್ಲಿ ಡಿವೈಡರ್ ಇರೋ ರಸ್ತೆಯಲ್ಲಿ ದ್ವಿಚಕ್ರಕ್ಕೆ ಮಿತಿ 50, ಡಿವೈಡರ್ ಇಲ್ಲದ ಕಡೆ 40, ಕಾಲೊನಿ ಒಳಗೆ 30. 25ರ ಗಾಡಿ ಕಾಲೊನಿ ಒಳಗೆ ಸರಿ, ಡಿವೈಡರ್ ರಸ್ತೆಯಲ್ಲಿ ಹಿಂದಿನವರ ಬ್ರೇಕನ್ನ ನಂಬಿಕೊಂಡು ಹೋಗಬೇಕು. ಇನ್ನೊಂದು ಕಡೆ 100, 120 ಅಂತ ದುಡ್ಡು ಸುರಿದ್ರೂ ಅದನ್ನ ಓಡಿಸೋಕೆ ಜಾಗ ಎಲ್ಲಿದೆ? ಔಟರ್ ರಿಂಗ್ ರೋಡಿನ ಮುಖ್ಯ ರಸ್ತೆಗೂ, ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇಗೂ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ.

ಹಾಗಾಗಿ ಕೊಳ್ಳೋಕೆ ಹೋಗುವಾಗ ನಾನು ಹೇಳೋದು ಇಷ್ಟು:

1. ಮೇನ್ ರೋಡ್ ದಾಟಬೇಕು ಅಂದ್ರೆ ರಿಜಿಸ್ಟರ್ ಆಗೋ ಗಾಡಿಯನ್ನೇ ತಗೊಳ್ಳಿ. ಗೇಟೆಡ್ ಕಮ್ಯುನಿಟಿ ಒಳಗೆ, ಗಲ್ಲಿಯ ಕಿರಾಣಿ ಅಂಗಡಿಗೆ ಅಂದ್ರೆ 25ರದ್ದು ಸಾಕು.
2. ಟಾಪ್ ಸ್ಪೀಡಿಗಿಂತ ಕಂಟಿನ್ಯೂಯಸ್ ಪವರ್ ಕೇಳಿ.
3. ಟೆಸ್ಟ್ ರೈಡನ್ನ ಶೋರೂಮಿನ ಮುಂದಿನ ಸಮತಟ್ಟು ರಸ್ತೆಯಲ್ಲಿ ಮುಗಿಸಬೇಡಿ. ಹಿಂದೆ ಒಬ್ಬರನ್ನ ಕೂರಿಸಿಕೊಂಡು ಒಂದು ಫ್ಲೈಓವರ್ ಹತ್ತಿ ನೋಡಿ. ಸಾಧ್ಯವಾದ್ರೆ ಚಾರ್ಜ್ 30 ಪರ್ಸೆಂಟಿಗೆ ಇಳಿದಾಗ ನೋಡಿ.
4. ಊರಿಗೆ ಹೋಗೋ ಪ್ಲಾನ್ ಇದ್ರೆ 50ರ ವೇಗಕ್ಕೆ ಲೆಕ್ಕ ಹಾಕಿ ಹೊರಡಿ.
5. ನಂಬರ್ ಪ್ಲೇಟ್ ಇಲ್ಲದ ಗಾಡಿಯಲ್ಲೂ ಹೆಲ್ಮೆಟ್ ಹಾಕಿ. ನಿಯಮ ಬಿಟ್ರೂ ರಸ್ತೆ ಬಿಡಲ್ಲ.

ನಾವು ಆ ಗಾಡಿಯನ್ನ ನಷ್ಟಕ್ಕೇ ಮಾರಿದ್ವಿ. ಅವಳು ಎಲ್‌ಎಲ್‌ಆರ್ ತೆಗೆಸಿ, ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಕಲಿತು, ಎರಡನೇ ಸಲಕ್ಕೆ ಲೈಸೆನ್ಸ್ ಟೆಸ್ಟ್ ಪಾಸಾದ್ಲು. ಈಗ ಇರೋದು 80ರ ತನಕ ಹೋಗೋ ಸ್ಕೂಟರು. ಅವಳು 45 ದಾಟಲ್ಲ. ಆದ್ರೆ ಕೊತ್ತಗೂಡ ಫ್ಲೈಓವರ್ ಹತ್ತುವಾಗ ಹಿಂದಿನ ಬಸ್ಸಿನ ಹಾರ್ನ್ ಕೇಳಿಸಿದ್ರೆ ಈಗ ಗಾಬರಿ ಆಗಲ್ಲ ಅಂತಾಳೆ.

ನಿಮ್ಮ ಮನೆಯಲ್ಲಿ ವೈರ್ ತೆಗೆಸಿದ ಗಾಡಿ ಇದ್ರೆ, ದಯವಿಟ್ಟು ನಾಳೆನೇ ಹೋಗಿ ವಾಪಸ್ ಹಾಕಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ. ನಮಸ್ಕಾರ.