ಚೆಂಬೂರಿನ ಕನ್ನಡ ಮನೆಗಳೂ ಬಾಯಿಯ ಕರಾರೂ

ಹೊಸದಾಗಿ ಮುಂಬಯಿಗೆ ಬಂದು ಚೆಂಬೂರಿನಲ್ಲಿ ಮನೆ ಹೂಡಿದ ಕನ್ನಡ ಗೃಹಿಣಿಯು ಮೊದಲು ಕಲಿಯುವ ಮರಾಠಿಯು ಕಾಯಿಪಲ್ಲೆಯವನೊಡನೆ ಆಡತಕ್ಕದ್ದು. ಎರಡನೆಯದು ಮನೆಗೆಲಸಕ್ಕೆ ಬರುವ ಬಾಯಿಯೊಡನೆ ಆಡತಕ್ಕದ್ದು. ಮೊದಲನೆಯದರಲ್ಲಿ ತಪ್ಪಿದರೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಹೋದೀತು, ಅಷ್ಟೆ. ಎರಡನೆಯದರಲ್ಲಿ ತಪ್ಪಿದರೆ ನಷ್ಟವಾಗುವುದು ಸಾಮಾನ್ಯವಾಗಿ ನಮಗಲ್ಲ, ಬಾಗಿಲಲ್ಲಿ ನಿಂತವಳಿಗೆ. ಇದು ನನಗೆ ಮನದಟ್ಟಾಗಲು ಹಲವು ವರ್ಷಗಳು ಹಿಡಿದುವು. ಮನೆಗೆಲಸದವರನ್ನು ಗೊತ್ತುಮಾಡಿಕೊಳ್ಳುವುದು ಸಂಶೋಧನ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರು ವಾಚಕರು ಹುಬ್ಬೇರಿಸಬಹುದು. ಶಾಸನಗಳಲ್ಲಿ ಬರುವ ದಾನದತ್ತಿಗಳ ಕಟ್ಟಳೆಗಳನ್ನು ನಾವು ಅಕ್ಷರ ಬಿಡದೆ ಓದುತ್ತೇವೆ. ನಮ್ಮ ಬಾಗಿಲಲ್ಲಿಯೇ ನಡೆಯುವ, ಎಲ್ಲಿಯೂ ಬರೆದಿಡದ ಈ ಕರಾರನ್ನು ಮಾತ್ರ ಓದಲು ಹೋಗುವುದಿಲ್ಲ.

ನಾವು ಇಲ್ಲಿ ಪರಸ್ಥಳದವರು ಎಂಬ ಮಾತನ್ನೇ ಮೊದಲು ವಿಚಾರಿಸಬೇಕು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿತು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಅದರಂತೆಯೇ 1956ರ ನವೆಂಬರ್ 1ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದುವು. ಆ ಕಡೆಯಿಂದ ಬಂದವನು ತನ್ನ ರಾಜಧಾನಿಗೇ ಬಂದಂತೆ. ದಕ್ಷಿಣ ಕನ್ನಡದವನು ಮದರಾಸಿನ ಪ್ರಜೆ, ಕಲಬುರ್ಗಿಯವನು ನಿಜಾಮನ ಪ್ರಜೆ, ಮೈಸೂರಿನವನು ಮಹಾರಾಜರ ಪ್ರಜೆ. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯವಾದ ಮೇಲೆ ಇವರೆಲ್ಲರೂ ಸಮನಾಗಿ ಹೊರಗಿನವರಾದರು. ಚೆಂಬೂರಾದರೋ ಇಂತಹ ಹೊರಗಿನವರಿಂದಲೇ ಬೆಳೆದ ಊರು. ದೇಶವಿಭಜನೆಯ ತರುವಾಯ ಸಿಂಧ್ ಪ್ರಾಂತದ ನಿರಾಶ್ರಿತರ ಕ್ಯಾಂಪು ಇಲ್ಲಿ ನೆಲೆಸಿತು. 1954ರಲ್ಲಿ ಟ್ರಾಂಬೆಯ ಅಣುಶಕ್ತಿ ಸಂಸ್ಥೆಯೂ ಅದೇ ಸುಮಾರಿಗೆ ತೈಲ ಶುದ್ಧೀಕರಣದ ಕಾರಖಾನೆಗಳೂ ಬಂದುವು. ಅವುಗಳ ಬೆನ್ನಿಗೆ ಗುಮಾಸ್ತರೂ ಎಂಜಿನಿಯರರೂ ಬಂದರು. ಅವರ ಮನೆಗಳ ಪಾತ್ರೆ ತೊಳೆಯುವವರೂ ಹೀಗೆಯೇ ಎಲ್ಲಿಂದಲೋ ಬಂದವರು. ಅವರ ಬೀಡು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಅಣುಶಕ್ತಿ ಕೇಂದ್ರದ ಮಗ್ಗುಲಿಗಿದ್ದ ಜನತಾ ಕಾಲನಿಯನ್ನು 1976ರ ಮೇ ತಿಂಗಳಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಎಬ್ಬಿಸಿ ಚೀತಾ ಕ್ಯಾಂಪಿಗೆ ಸಾಗಿಸಿದರು. ಬೆಳಗಿನ ಐದು ಗಂಟೆಗಳಲ್ಲಿ ನಾಲ್ಕು ಮನೆ ಮುಗಿಸಬೇಕಾದವಳಿಗೆ ಬೀಡು ಒಂದೆರಡು ಮೈಲಿ ಸರಿದರೆ ಒಂದು ಮನೆಯ ಸಂಬಳವೇ ಕೈಬಿಟ್ಟಂತೆ. ಆಕೆ ಏಳಕ್ಕೆ ಬರುವ ಬದಲು ಎಂಟಕ್ಕೆ ಬಂದಳೆಂದು ಗೊಣಗುವವರು ಈ ಭೂಗೋಳವನ್ನು ನೆನೆಯುವುದು ಅಪರೂಪ.

ಊರಿನಿಂದ ನಾವು ತಂದ ಕಲ್ಪನೆಯೇ ಬೇರೆ. ಅಲ್ಲಿ ಕೆಲಸದವಳು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ಮುಸುರೆಯ ಪಾತ್ರೆಗಳು ಬಾವಿಕಟ್ಟೆಯ ಬಳಿ ಬಿದ್ದಿರುತ್ತಿದ್ದುವು. ಆಕೆ ಬೆಳಗಿ ಬೋರಲು ಹಾಕಿದ ಮೇಲೆ ಮನೆಯೊಡತಿ ಮತ್ತೊಮ್ಮೆ ನೀರು ಹೊಯ್ದು ಒಳಗೆ ತರುತ್ತಿದ್ದಳು. ಕೂಲಿಯೆಂಬುದು ಅಕ್ಕಿ, ಹಳೆಯ ಸೀರೆ, ಉಳಿದ ಅನ್ನ, ಹಬ್ಬದ ಕಾಣಿಕೆ, ಮಗಳ ಮದುವೆಗೆ ಕೊಟ್ಟ ಸಾಲ ಇವೆಲ್ಲ ಬೆರೆತ ಒಂದು ಲೆಕ್ಕ. ಅದು ಎಂದೂ ತೀರುತ್ತಿರಲಿಲ್ಲ. ಚೆಂಬೂರಿನ ಮನೆಗೆ ಹಿತ್ತಿಲೇ ಇಲ್ಲ. ಇರುವುದು ಒಂದೇ ಬಾಗಿಲು. ಅತಿಥಿಯೂ ಅಲ್ಲಿಂದಲೇ, ಬಾಯಿಯೂ ಅಲ್ಲಿಂದಲೇ. ಬಾವಿಕಟ್ಟೆಯ ಸ್ಥಾನದಲ್ಲಿ ಅಡಿಗೆಮನೆಯ ಮೂಲೆಯ ಮೋರಿ. ಮಡಿಮೈಲಿಗೆಯ ಹಳೆಯ ನಕಾಶೆಯನ್ನು ಇಷ್ಟು ಚಿಕ್ಕ ಜಾಗದಲ್ಲಿ ಹಾಸಲಾಗದೆ ಮೊದಲ ತಲೆಮಾರಿನ ಗೃಹಿಣಿಯರು ಪಟ್ಟ ಪೇಚಾಟ ಒಂದು ಬೇರೆಯ ಲೇಖನಕ್ಕೇ ಆದೀತು. ಆ ಮೈಲಿಗೆ ಹೋಯಿತೆಂದು ಯಾರೂ ಬೀಗಬೇಕಾಗಿಲ್ಲ. ಚಹದ ಬೇರೆ ಲೋಟವಾಗಿ ಅದು ಇಂದಿಗೂ ಕೆಲವು ಮನೆಗಳ ಕಿಟಕಿಯಲ್ಲಿ ಕುಳಿತಿದೆ.

ಇನ್ನು ಕರಾರಿನ ಮಾತು. ಊರಿನಲ್ಲಿ ಗೊತ್ತುಮಾಡಿಕೊಳ್ಳುತ್ತಿದ್ದುದು ಆಳನ್ನು. ಇಲ್ಲಿ ಗೊತ್ತುಮಾಡಿಕೊಳ್ಳುವುದು ಕೆಲಸವನ್ನು. ಈ ವ್ಯತ್ಯಾಸ ತಿಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬಾಯಿಯು ತನ್ನ ದಿನವನ್ನು ಮಾರುವುದಿಲ್ಲ, ಗಂಟೆಯನ್ನೂ ಮಾರುವುದಿಲ್ಲ. ‘ಕಾಮ’ಗಳನ್ನು ಒಂದೊಂದಾಗಿ ಮಾರುತ್ತಾಳೆ. ‘ಭಾಂಡಿ’ ಎಂದರೆ ಪಾತ್ರೆ ತೊಳೆಯುವುದು, ಅದು ಒಂದು ಕಾಮ. ‘ಧುಣೇ’ ಎಂದರೆ ಬಟ್ಟೆ ಒಗೆಯುವುದು. ‘ಝಾಡೂ-ಕಟಕಾ’ ಎಂದರೆ ಗುಡಿಸಿ ಒರಸುವುದು. ಒರಸುವ ನೆಲವನ್ನು ಇಲ್ಲಿಯ ಮಾತಿನಲ್ಲಿ ‘ಲಾದಿ’ ಎನ್ನುತ್ತಾರೆ. ಪ್ರತಿಯೊಂದಕ್ಕೂ ತಿಂಗಳ ದರವು ಬೇರೆ. ಆ ದರವನ್ನು ಮನೆಯವರಾಗಲಿ ಬಾಯಿಯಾಗಲಿ ಒಬ್ಬರೇ ನಿಶ್ಚಯಿಸುವುದಲ್ಲ. ಆ ಕಟ್ಟಡಕ್ಕೆ, ಆ ಗಲ್ಲಿಗೆ ಒಂದು ರೂಢಿಯ ದರವಿರುತ್ತದೆ. ನೆರೆಮನೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಜಾಣತನ. ಕೋಣೆಗಳೆಷ್ಟು, ಜನರೆಷ್ಟು, ಪಾತ್ರೆ ಒಂದು ಹೊತ್ತೋ ಎರಡು ಹೊತ್ತೋ ಎಂಬುದನ್ನು ಕೇಳಿಯೇ ಆಕೆ ಹೂಂಗುಟ್ಟುವುದು. ಇವುಗಳ ಹೊರತಾದ ಕೆಲಸ, ಅಂದರೆ ಧೂಳು ಹೊಡೆಯುವುದು, ಕಾಳು ಹಸನು ಮಾಡುವುದು, ಪರದೆ ಇಳಿಸುವುದು ಎಂಬಂತಹವು, ‘ವರಕಾಮ’. ನಮ್ಮ ‘ಮೇಲುಗೆಲಸ’ವೇ ಅದು. ಆದರೆ ನಮ್ಮಲ್ಲಿ ಮೇಲುಗೆಲಸವೆಂದರೆ ಸಂಬಳದೊಳಗೆ ಸೇರಿದ್ದು. ಇಲ್ಲಿ ವರಕಾಮವು ಸಂಬಳದ ಹೊರಗಿನದು. ಹೊಸದಾಗಿ ಬಂದವರು ‘ಹೇಗೂ ಬಂದಿದ್ದೀಯಲ್ಲ’ ಎಂದು ಹೇಳಿ ಎಡವುವುದು ಇಲ್ಲಿಯೇ.

ಶೌಚಗೃಹದ ಕೆಲಸ ಈ ಯಾವುದರಲ್ಲಿಯೂ ಸೇರದು. ಬಹಳ ಕಾಲ ಅದಕ್ಕೆ ಬೇರೊಬ್ಬ ಮನುಷ್ಯನೇ ಬರುತ್ತಿದ್ದನು, ಎಷ್ಟೋ ಕಟ್ಟಡಗಳಲ್ಲಿ ಇಂದಿಗೂ ಬರುತ್ತಾನೆ. ಬಾಯಿ ಅದನ್ನು ಒಲ್ಲೆನೆಂದರೆ ಸೋಮಾರಿತನವೆಂದು ಬಗೆಯುವವರುಂಟು. ಆ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿದ್ದು ನಮ್ಮ ಸಮಾಜ. ಒಮ್ಮೆ ಒಪ್ಪಿದರೆ ತನ್ನನ್ನೂ ಆ ಲೆಕ್ಕಕ್ಕೇ ಸೇರಿಸುತ್ತಾರೆಂಬ ಭಯ ಆಕೆಯದು. ಭಯವು ನ್ಯಾಯವೇ ಎಂದು ಕೇಳಬಹುದು. ಆದರೆ ಆ ಪ್ರಶ್ನೆಯನ್ನು ಚಹದ ಲೋಟ ಬೇರೆ ಇಟ್ಟವರು ಕೇಳಲಾಗದು.

ಸಂಬಳಕ್ಕೆ ಇಲ್ಲಿಯ ಮಾತು ‘ಪಗಾರ’. ಇದು ಪೋರ್ತುಗೀಜರು ಬಿಟ್ಟುಹೋದ ಶಬ್ದ; ಧಾರವಾಡದ ಕಡೆಯವರಿಗೆ ಹೊಸದಲ್ಲ. ಬಾರದ ದಿನ ‘ಖಾಡಾ’. ತಿಂಗಳಿಗೆ ಎರಡೋ ನಾಲ್ಕೋ ಖಾಡಾಗಳಿಗೆ ಪಗಾರ ಕಡಿಯಬಾರದೆಂಬುದು ಮೊದಲ ದಿನವೇ ಆಡಿಕೊಳ್ಳತಕ್ಕ ಮಾತು. ಆಡಿಕೊಳ್ಳದಿದ್ದರೆ ತಿಂಗಳ ಕೊನೆಗೆ ಗೋಡೆಯ ಪಂಚಾಂಗದ ಮುಂದೆ ನಿಂತು ವಾದಿಸಬೇಕಾಗುತ್ತದೆ. ಮುಂಗಡವಾಗಿ ಪಡೆದ ಹಣ ‘ಉಚಲ’. ದೀಪಾವಳಿಗೆ ಕೊಡುವ ‘ಪೋಸ್ತ’ವು ಸಾಮಾನ್ಯವಾಗಿ ಒಂದು ತಿಂಗಳ ಪಗಾರ. ಇದನ್ನು ದಾನವೆಂದು ತಿಳಿದು ಸೀರೆಯೊಂದನ್ನು ಕೊಟ್ಟು ಮುಗಿಸುವವರು ಒಂದು ಲೆಕ್ಕವನ್ನು ಗಮನಿಸಲಿ: ವರ್ಷದ ಹನ್ನೆರಡು ಪಗಾರದಲ್ಲಿ ಒಂದು ಎಂದರೆ ಶೇಕಡ 8.33, ಕಾರಖಾನೆಗಳ ಕೆಲಸಗಾರರಿಗೆ ಕಾಯಿದೆಯು ಕನಿಷ್ಠ ಬೋನಸ್ಸೆಂದು ವಿಧಿಸಿರುವ ಪ್ರಮಾಣವೂ ಅಷ್ಟೇ. ನಮ್ಮಲ್ಲಿ ಆಫೀಸಿನ ಬೋನಸ್ಸಿಗಾಗಿ ಘೋಷಣೆ ಕೂಗಿದವರು ಹಲವರಿದ್ದೇವೆ.

ಈ ಶಬ್ದಗಳಲ್ಲಿ ನನಗೆ ಪಾಠ ಕಲಿಸಿದ್ದು ‘ಬದಲಿ’ ಎಂಬುದು. ಮುಂಬಯಿಯ ಹತ್ತಿಗಿರಣಿಗಳಲ್ಲಿ ಕಾಯಂ ಕೆಲಸಗಾರನು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು ಬದಲಿ. ಬಾಯಿಯರ ಜಗತ್ತಿನಲ್ಲಿಯೂ ಹೀಗೆಯೇ. ಹೆರಿಗೆಗೋ ಜಾತ್ರೆಗೋ ಬಿತ್ತನೆಗೋ ಊರಿಗೆ ಹೋಗುವವಳು ತನ್ನ ಮನೆಗಳನ್ನು ಗುರುತಿನವಳೊಬ್ಬಳಿಗೆ ಒಪ್ಪಿಸಿ ಹೋಗುತ್ತಾಳೆ. ಅಷ್ಟು ದಿನದ ಪಗಾರ ಬದಲಿಯದು, ಕೆಲಸದ ಹಕ್ಕು ಮೊದಲಿನವಳದು. ಬದಲಿಯು ಆ ಮನೆಯನ್ನು ತನ್ನದಾಗಿ ಮಾಡಿಕೊಳ್ಳಬಾರದು. ಮನೆಯವರೂ ಆಕೆಯನ್ನು ಉಳಿಸಿಕೊಳ್ಳಬಾರದು. ಬರೆದಿಟ್ಟ ಕಾಯಿದೆಗಳಿಗಿಂತ ಈ ನಿಯಮವು ಹೆಚ್ಚು ಬಿಗಿಯಾಗಿ ನಡೆಯುತ್ತದೆಂದರೆ ಅತಿಶಯೋಕ್ತಿಯಾಗಲಾರದು.

1987ರಲ್ಲಿ ನಾವು ಚೆಂಬೂರಿನಲ್ಲಿ ಮನೆ ಹಿಡಿದ ಹೊಸತು. ನನ್ನ ತಾಯಿಯವರು ಕುಂದಾಪುರದ ಕಡೆಯ ಹಳ್ಳಿಯಿಂದ ಬಂದು ಆರು ತಿಂಗಳಾಗಿರಲಿಲ್ಲ. ನಮ್ಮ ಬಾಯಿ ಸಾತಾರದ ಕಡೆಯವಳು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆಕೆಯ ಬದಲು ಬೇರೊಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಆಕೆ ಏನೋ ಹೇಳಿದಳು, ತಾಯಿಯವರಿಗೆ ತಿಳಿಯಲಿಲ್ಲ. ಗುರುತಿಲ್ಲದವರನ್ನು ಒಳಗೆ ಬಿಡಬೇಡಿರೆಂದು ಹೇಳಿದ್ದವನು ನಾನೇ. ಅವರು ಕೈಸನ್ನೆ ಮಾಡಿ ಹಿಂದಕ್ಕೆ ಕಳುಹಿಸಿದರು. ಮರುದಿನವೂ ಬಂದಳು, ಮರುದಿನವೂ ಕಳುಹಿಸಿದರು. ಹನ್ನೊಂದು ದಿನ ನಾವೇ ಪಾತ್ರೆ ತೊಳೆದುಕೊಂಡೆವು. ಬಾಯಿ ಊರಿನಿಂದ ಮರಳಿದ ಮೇಲೆ ನಾನು ಹನ್ನೊಂದು ದಿನದ ಪಗಾರವನ್ನು ಕಡಿದು ಉಳಿದದ್ದನ್ನು ಎಣಿಸಿಕೊಟ್ಟೆನು. ಲೆಕ್ಕವು ಸರಿಯಾಗಿದೆ ಎಂಬ ಸಮಾಧಾನ ನನಗಿತ್ತು. ಆಕೆ ವಾದಿಸಲಿಲ್ಲ. ಬದಲಿಯು ನಮ್ಮ ಮನೆಯನ್ನು ನಂಬಿ ಬೇರೊಂದು ಮನೆಯನ್ನು ಒಲ್ಲೆನೆಂದಿದ್ದಳೆಂದೂ ಆ ಹನ್ನೊಂದು ದಿನದ ಹಣವನ್ನು ಬಾಯಿ ತನ್ನ ಕೈಯಿಂದ ತೆತ್ತಳೆಂದೂ ನೆರೆಮನೆಯವರಿಂದ ತಿಳಿಯುವಷ್ಟರಲ್ಲಿ ಆಕೆ ನಮ್ಮಲ್ಲಿ ಬಿಟ್ಟು ಹೋಗಿದ್ದಳು. ಮುಂದೆ ಮೂರು ತಿಂಗಳು ಆ ಮೆಟ್ಟಿಲಿನಲ್ಲಿ ಯಾವ ಬಾಯಿಯೂ ನಮ್ಮ ಮನೆಗೆ ಒಪ್ಪಲಿಲ್ಲ. ಕೇಳಿದರೆ ‘ವೇಳ ನಾಹೀ’ ಎನ್ನುತ್ತಿದ್ದರು.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಇನ್ನೊಂದು ಕಾರಣವಿದೆ. ನನ್ನ ತಂದೆಯವರು ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಟೆ ವಠಾರದ ಹೋಟೆಲೊಂದರಲ್ಲಿ ಕಪ್ಪು ತೊಳೆಯಲು ನಿಂತವರು. ರಾತ್ರಿಶಾಲೆಯಲ್ಲಿ ಓದಿ ಗುಮಾಸ್ತರಾದವರು. ಈ ಪತ್ರಿಕೆಯ ವಾಚಕರಲ್ಲಿ ಇಂತಹ ತಂದೆ, ಅಜ್ಜಂದಿರು ಇರುವವರು ಕಡಮೆಯಲ್ಲ. ಊರಿಗೆ ಹೋಗುವಾಗ ಅವರೂ ತಮ್ಮ ಸ್ಥಾನಕ್ಕೆ ದಾಯಾದಿ ಹುಡುಗನೊಬ್ಬನನ್ನು ನಿಲ್ಲಿಸಿ ಹೋಗುತ್ತಿದ್ದರಂತೆ. ಬದಲಿ ಎಂಬ ಶಬ್ದವನ್ನು ಅವರು ಬಲ್ಲವರಾಗಿದ್ದರು. ನನಗೆ ಅದನ್ನು ಹೇಳಿಕೊಡುವ ಸಂದರ್ಭ ಬಂದಿರಲಿಲ್ಲ.

ಕಾಯಿದೆಯ ಮಾತನ್ನು ಚಿಕ್ಕದರಲ್ಲಿ ಮುಗಿಸುವೆನು, ಏಕೆಂದರೆ ಅದು ಇರುವುದೇ ಚಿಕ್ಕದಾಗಿ. 1959ರಷ್ಟು ಹಿಂದೆಯೇ ಮನೆಗೆಲಸದವರ ಪರವಾಗಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯೊಂದು ಬಂದಿತ್ತು, ಕಾಯಿದೆಯಾಗಲಿಲ್ಲ. 1980ರಲ್ಲಿ ಪುಣೆಯ ಮೋಲಕರಣಿಯರು ಕೆಲಸ ನಿಲ್ಲಿಸಿ ಸಂಘಟನೆ ಕಟ್ಟಿದರು. ನಮ್ಮ ಕರ್ನಾಟಕ ಸರಕಾರವು 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿದ್ದು ಹೆಮ್ಮೆಪಡತಕ್ಕ ಸಂಗತಿ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧ. ಊರಿನಿಂದ ‘ಓದಿಸುತ್ತೇವೆ’ ಎಂದು ಹುಡುಗಿಯನ್ನು ಕರೆತರುವ ನಮ್ಮವರು ಇದನ್ನು ಚೆನ್ನಾಗಿ ನೆನಪಿಡಬೇಕು. ಮಹಾರಾಷ್ಟ್ರವು 2008ರ ಕಾಯಿದೆಯಿಂದ ಕಲ್ಯಾಣ ಮಂಡಲವೊಂದನ್ನು ಏರ್ಪಡಿಸಿತು. ಹದಿನೆಂಟರಿಂದ ಅರುವತ್ತು ವಯಸ್ಸಿನವರು ಅಲ್ಲಿ ಹೆಸರು ನೋಂದಿಸಬಹುದು. ಅದಕ್ಕಾಗಿ ‘ಈಕೆ ನಮ್ಮಲ್ಲಿ ಕೆಲಸ ಮಾಡುತ್ತಾಳೆ’ ಎಂಬ ಒಂದು ಸಾಲಿನ ಚೀಟಿಯನ್ನು ಬಾಯಿ ಕೇಳಿದರೆ ಕೊಡಬೇಕು. ಸಹಿ ಹಾಕಿದರೆ ಎಲ್ಲಿ ಕೋರ್ಟಿಗೆ ಎಳೆಯುತ್ತಾಳೋ ಎಂದು ಹಿಂಜರಿಯುವ ವಿದ್ಯಾವಂತರನ್ನು ನಾನು ಕಂಡಿದ್ದೇನೆ. ಪೋಲೀಸರಿಗೆ ಕೊಡುವ ಮಾಹಿತಿಯ ಫಾರಮಿಗೆ ಆಕೆಯ ಭಾವಚಿತ್ರ ಅಂಟಿಸಿ ಸಹಿ ಹಾಕುವಾಗ ಅದೇ ಕೈ ನಡುಗುವುದಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಕಾನೂನಿನ ಚೌಕಟ್ಟನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದು ಸುಪ್ರೀಂ ಕೋರ್ಟು ಕೇಂದ್ರ ಸರಕಾರಕ್ಕೆ ಸೂಚಿಸಿದ್ದು 2025ರ ಜನವರಿಯಲ್ಲಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಸೊಸೈಟಿಗಳು ಗೇಟು ಮುಚ್ಚಿದಾಗ ಈ ಬರೆಯದ ಕರಾರಿನ ದೊಡ್ಡ ಪರೀಕ್ಷೆಯಾಯಿತು. ಅದು ಖಾಡಾ ಅಲ್ಲ, ಬಾಯಿಯು ಬರಲಾರದ್ದು ಆಕೆಯ ತಪ್ಪಲ್ಲ, ಬದಲಿಗೂ ದಾರಿಯಿಲ್ಲ. ರೂಢಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಕೆಲವರು ಪೂರ್ತಿ ಪಗಾರ ಕೊಟ್ಟರು, ಕೆಲವರು ಅರ್ಧ ಕೊಟ್ಟರು, ಕೆಲವರು ದೂರವಾಣಿಯನ್ನೇ ಎತ್ತಲಿಲ್ಲ. ಈಚೆಗೆ ಮೊಬೈಲಿನಲ್ಲಿ ಗುಂಡಿಯೊತ್ತಿ ಗಂಟೆಯ ಲೆಕ್ಕದಲ್ಲಿ ಕೆಲಸದವರನ್ನು ಕರೆಸುವ ಪದ್ಧತಿ ಬಂದಿದೆ. ಅಲ್ಲಿ ಕಾಮವಿಲ್ಲ, ಖಾಡಾ ಇಲ್ಲ, ಪೋಸ್ತವೂ ಇಲ್ಲ. ನನ್ನ ಸೊಸೆಗೆ ಅದು ಅನುಕೂಲವೆನಿಸಿದೆ. ಚೌಕಾಸಿಯ ಭಾಷೆ ಕಲಿಯಬೇಕಾಗಿಲ್ಲವಲ್ಲ ಎನ್ನುತ್ತಾಳೆ.

1987ರ ಆ ಬದಲಿಯನ್ನು ನಾನು ಮತ್ತೆ ಕಂಡದ್ದು ಐದು ವರ್ಷಗಳ ತರುವಾಯ. ಎದುರುಮನೆಯಲ್ಲಿ ಕೆಲಸಕ್ಕಿದ್ದಳು. ಮೆಟ್ಟಿಲಿನಲ್ಲಿ ಮಗುವನ್ನು ಗದರುತ್ತಿದ್ದ ಮಾತು ಕಿವಿಗೆ ಬಿದ್ದು ಬೆರಗಾಗಿ ನಿಂತೆನು. ಅದು ಕಲಬುರ್ಗಿಯ ಕಡೆಯ ಕನ್ನಡ. ಗಂಡನೊಡನೆ ಕಟ್ಟಡದ ಕೆಲಸಕ್ಕೆಂದು ಬಂದು ಮಾನಖುರ್ದಿನಲ್ಲಿ ನೆಲೆ ನಿಂತವಳು. ನಾನು ಕನ್ನಡದಲ್ಲಿ ಮಾತನಾಡಿಸಿದೆನು. ಆಕೆಗೆ ಆಶ್ಚರ್ಯವಾಗಲಿಲ್ಲ. ‘ನಿಮ್ಮ ಮನಿಗಿ ನಾ ಒಮ್ಮಿ ಬಂದಿದ್ದೆರಿ, ನಿಮ್ಮವ್ವಗ ಕನ್ನಡದಾಗೇ ಹೇಳಿದ್ದೆ. ತಿಳೀಲಿಲ್ಲೇನೋ, ಹೊಳ್ಳಿ ಕಳಿಸಿದ್ರು’ ಎಂದಳು. ಮನೆಗೆ ಬಂದು ತಾಯಿಯವರನ್ನು ಕೇಳಿದರೆ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅದು ಮರಾಠಿಯೆಂದೇ ತಿಳಿದೆ’ ಎಂದರು. ಮುಂದಿನ ತಿಂಗಳಿನಿಂದ ಆಕೆ ನಮ್ಮಲ್ಲಿಗೆ ಬರಲೊಪ್ಪಿದಳು. ಮಾತೆಲ್ಲ ಕನ್ನಡದಲ್ಲಿಯೇ ನಡೆಯಿತು. ಗೊತ್ತುವಳಿಯ ಹೊತ್ತಿಗೆ ಮಾತ್ರ ಆಕೆ ಬೆರಳು ಮಡಿಸುತ್ತಾ ಎಣಿಸಿದಳು: ಭಾಂಡಿ, ಝಾಡೂ-ಕಟಕಾ, ತಿಂಗಳಿಗೆ ಮೂರು ಖಾಡಾ, ‘ಮತ್ತ ಬದಲಿ ಬಂದ್ರ ಒಳಗ ಬಿಡಬೇಕ್ರಿ’.