ವಿಮಾನ ಇಳಿದಾಯ್ತು, ಇನ್ನು ಸಿಂದಗಿ ಮುಟ್ಟೋದು ಹೇಗೆ?

ಇವತ್ತಿನ ಸಂಚಿಕೆ ಹೊರಗಡೆ ಇರೋ ನಮ್ಮ ಜಿಲ್ಲೆಯ ಮಂದಿಗಾಗಿ. ದುಬೈ, ಪುಣೆ, ದೆಹಲಿ, ಎಲ್ಲೇ ಇರಿ, ಒಂದು ದಿನ ಮನೆಯಿಂದ ಫೋನ್ ಬರುತ್ತೆ, ‘ಲಗೂನ ಬಾ’ ಅಂತ. ವಿಮಾನದ ಟಿಕೆಟ್ ಹೇಗೋ ಸಿಗುತ್ತೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ವಿಮಾನ ಇಳಿಯಲ್ಲ. ಕೊನೆಯ ದಾರಿ ಬಸ್ಸಿನದು, ಇಲ್ಲಾ ರೈಲಿನದು. ಹೊತ್ತು ಕಳೆಯೋದು ಅಲ್ಲೇ.

ಆರೇಳು ವರ್ಷದ ಹಿಂದೆ ನಮ್ಮವ್ವ ತೀರಿಕೊಂಡಳು. ನಮ್ಮೂರು ಸಿಂದಗಿ ಹತ್ತಿರದ ಒಂದು ಹಳ್ಳಿ. ಅಕ್ಕನ ಮಗ ದುಬೈನಲ್ಲಿದ್ದ. ಆಯಿ ಕೈಯಲ್ಲೇ ಬೆಳೆದ ಹುಡುಗ. ಸುದ್ದಿ ಕೇಳಿದವನೇ ಸಿಕ್ಕ ವಿಮಾನ ಹಿಡಿದು ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿಗೆ ಬಂದಿಳಿದ. ನಿಲ್ದಾಣದ ಹೊರಗೆ ಯಾರನ್ನೋ ಕೇಳಿದ್ದಾನೆ, ‘ವಿಜಯಪುರ ಬಸ್ ಎಲ್ಲಿ ಸಿಗತೈತ್ರಿ?’ ಅವರು ಪಾಪ, ಸರಿಯಾಗೇ ಹೇಳಿದರು: ದೇವನಹಳ್ಳಿಗೆ ಹೋಗಿ, ಅಲ್ಲಿ ಬೇಕಾದಷ್ಟು ಬಸ್ ಇವೆ.

ಇವೆ ಖರೆ. ಆದರೆ ಅವು ಹೋಗೋದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಜಯಪುರಕ್ಕೆ. ದೇವನಹಳ್ಳಿ ತಾಲ್ಲೂಕಿನಲ್ಲೇ ಅದೇ ಹೆಸರಿನ ಪಟ್ಟಣವೊಂದಿದೆ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರ ಆದಮೇಲೆ ಈ ಗೊಂದಲ ಇನ್ನೂ ಜಾಸ್ತಿ. ಇವನು ದೇವನಹಳ್ಳಿಗೆ ಹೋಗಿ, ಬೋರ್ಡು ನೋಡಿ ಹತ್ತಿ, ಕಂಡಕ್ಟರ್ ಕೇಳಿದ ದುಡ್ಡು ನೋಡಿದಾಗಲೇ ಎಚ್ಚರಾದದ್ದು. ಅಲ್ಲಿಂದ ವಾಪಸ್ಸಾಗಿ ಮೆಜೆಸ್ಟಿಕ್ ಮುಟ್ಟೋ ಹೊತ್ತಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹೊರಟುಹೋಗಿತ್ತು. ರಾತ್ರಿ ಬಸ್ಸಿನಲ್ಲಿ ಬಿಜಾಪುರ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಸಿಂದಗಿ, ಆಮೇಲೆ ಟಂಟಂ. ಹನ್ನೊಂದು ಗಂಟೆ ತನಕ ಕಾಯ್ದೆವು. ಊರ ಹಿರಿಯರು ಇನ್ನು ತಡ ಬೇಡ ಅಂದರು. ಮಣ್ಣು ಮಾಡಿ ಬಂದು ಕಾಲು ತೊಳೆಯೋ ಹೊತ್ತಿಗೆ ಅವನು ಅಂಗಳಕ್ಕೆ ಬಂದ.

ಅದಕ್ಕೇ ಮೊದಲನೇ ಮಾತು: ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬರೀ ‘ವಿಜಯಪುರ’ ಅಂತ ಕೇಳಬೇಡಿ. ‘ಬಿಜಾಪುರ, ಗೋಲಗುಂಬಜ್ ಇರೋ ಬಿಜಾಪುರ’ ಅನ್ನಿ. ಮೊಬೈಲ್ ಮ್ಯಾಪಿನಲ್ಲಿ ಹಾಕಿದಾಗ ಹಾದಿ ಅರ್ಧ ಗಂಟೆ ಅಂತ ತೋರಿಸಿದರೆ ಅದು ನಿಮ್ಮೂರಲ್ಲ. ನಮ್ಮ ಬಿಜಾಪುರ ಅಲ್ಲಿಂದ 500 ಕಿಲೋಮೀಟರ್‌ಗಿಂತ ದೂರ. ರೈಲ್ವೆಯವರು ನಿಲ್ದಾಣದ ಕೋಡ್ ಮಾತ್ರ ಬಿಜೆಪಿ ಅಂತಲೇ ಉಳಿಸಿಕೊಂಡಿದ್ದಾರೆ. ಅದು ಪಕ್ಷದ ಹೆಸರಲ್ಲ, ಬಿಜಾಪುರದ್ದು. ಟಿಕೆಟ್ ತೆಗೆಯುವಾಗ ಅದನ್ನೇ ನೋಡಿಕೊಳ್ಳಿ.

ಎರಡನೇ ಮಾತು ‘ರೋಡ್’ ಅನ್ನೋ ಪದದ್ದು. ಹೋಟಗಿಯಿಂದ ಗದಗಿಗೆ ಹೋಗೋ ರೈಲು ಮಾರ್ಗ ನಮ್ಮ ಜಿಲ್ಲೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತೆ. ಅದರ ಮೇಲೆ ಇಂಡಿ ರೋಡ್ ಅಂತ ಒಂದು ನಿಲ್ದಾಣ, ಬಸವನ ಬಾಗೇವಾಡಿ ರೋಡ್ ಅಂತ ಇನ್ನೊಂದು. ಬ್ರಿಟಿಷರ ಕಾಲದಿಂದಲೂ ರೈಲ್ವೆಯವರ ರೂಢಿ ಏನಂದ್ರೆ, ಹಳಿ ಊರೊಳಗೆ ಹೋಗದಿದ್ದರೆ, ಆ ಊರಿಗೆ ರಸ್ತೆ ಹೋಗೋ ಜಾಗದಲ್ಲಿ ನಿಲ್ದಾಣ ಕಟ್ಟಿ ಹೆಸರಿನ ಮುಂದೆ ‘ರೋಡ್’ ಸೇರಿಸೋದು. ಅಂದರೆ ಇಂಡಿ ರೋಡ್‌ನಲ್ಲಿ ಇಳಿದರೆ ಇಂಡಿ ಬಂತು ಅಂತಲ್ಲ, ಇಂಡಿಗೆ ಹೋಗೋ ರಸ್ತೆ ಬಂತು ಅಂತ. ಹಗಲಾದರೆ ಟಂಟಂ ಸಿಗುತ್ತೆ. ನಡುರಾತ್ರಿ ಲಗೇಜು, ಮಕ್ಕಳ ಸಮೇತ ಇಳಿದರೆ ಪ್ಲಾಟ್‌ಫಾರ್ಮಿನ ಬೆಂಚೇ ಗತಿ. ಮೇಲಾಗಿ ಎಲ್ಲ ಎಕ್ಸ್‌ಪ್ರೆಸ್ಸೂ ಇಂಥ ಸಣ್ಣ ನಿಲ್ದಾಣದಲ್ಲಿ ನಿಲ್ಲಲ್ಲ. ಕರೆಯೋಕೆ ಯಾರಾದರೂ ಬೈಕ್ ತರ್ತಾರೆ ಅಂತ ಖಾತ್ರಿ ಇದ್ದರೆ ಮಾತ್ರ ಅಲ್ಲಿಳಿಯಿರಿ. ಇಲ್ಲದಿದ್ದರೆ ಬಿಜಾಪುರದಲ್ಲೇ ಇಳಿದು ಬಸ್ ಹಿಡಿಯೋದು ವಾಸಿ ಅಂತ ನನ್ನ ಅಭಿಪ್ರಾಯ. ಬಾಗೇವಾಡಿಗೆ ಅಲ್ಲಿಂದ 43 ಕಿಲೋಮೀಟರ್, ಇಂಡಿಗೆ 50ರ ಮೇಲೆ, ಸಿಂದಗಿಗೆ 60. ಮುದ್ದೇಬಿಹಾಳಕ್ಕೆ ಮಾತ್ರ 80ರ ಸುಮಾರು.

ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲೇ ಇಲ್ಲ. ಆಲಮಟ್ಟಿ–ಯಾದಗಿರಿ ಮಾರ್ಗ ಬೇಕು ಅನ್ನೋ ಬೇಡಿಕೆ ಅಜ್ಜಂದಿರ ಕಾಲದ್ದು. ಅದನ್ನು ಇನ್ನೊಂದು ಸಂಚಿಕೆಗೆ ಇಡೋಣ.

ಈಗ ಯಾವ ವಿಮಾನ ನಿಲ್ದಾಣ ಅನ್ನೋ ಪ್ರಶ್ನೆ. ಬಹಳ ಮಂದಿ ‘ಕರ್ನಾಟಕ ಅಂದ್ರೆ ಬೆಂಗಳೂರು’ ಅಂತ ಟಿಕೆಟ್ ಮಾಡಿಬಿಡ್ತಾರೆ. ಸಿಂದಗಿಯವರಿಗೆ ಅದು ಸುತ್ತು ಬಳಸಿನ ದಾರಿ. ಹೈದರಾಬಾದಿನಿಂದ ಸಿಂದಗಿ 300 ಕಿಲೋಮೀಟರ್ ಆಸುಪಾಸು. ಶಂಷಾಬಾದ್ ನಿಲ್ದಾಣದಿಂದ ಪುಷ್ಪಕ್ ಬಸ್ಸಿನಲ್ಲಿ ಊರೊಳಗೆ ಬಂದು, ಮಹಾತ್ಮ ಗಾಂಧಿ ಬಸ್ ನಿಲ್ದಾಣ ಮುಟ್ಟಿ, ಕಲಬುರಗಿ ಅಥವಾ ಬಿಜಾಪುರದ ಬಸ್ ಹತ್ತಬೇಕು. ಕಲಬುರಗಿಯಿಂದ ರಾಷ್ಟ್ರೀಯ ಹೆದ್ದಾರಿ 50 ಕಟ್ಟಿಸಂಗಾವಿ ಹತ್ತಿರ ಭೀಮಾ ದಾಟಿ, ಜೇವರ್ಗಿ ಮೇಲೆ ಹಾದು ನೇರ ಸಿಂದಗಿಗೇ ಬರುತ್ತೆ. ಬಿಜಾಪುರಕ್ಕೆ ಹೋಗಿ 60 ಕಿಲೋಮೀಟರ್ ಹಿಂದೆ ಬರೋ ತ್ರಾಸವೇ ಇಲ್ಲ. ಕಲಬುರಗಿಯಲ್ಲೂ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದೆ. ಆದರೆ ಸಣ್ಣ ನಿಲ್ದಾಣಗಳ ವಿಮಾನ ಇವತ್ತು ಇದ್ದರೆ ನಾಳೆ ಇರಲ್ಲ. ಆ ದಿನ ಹಾರಾಟ ಇದೆಯಾ ಅಂತ ನೋಡದೇ ಅದನ್ನು ನಂಬಿ ಕೂಡಬೇಡಿ.

ಇಂಡಿಯವರಿಗೆ ಸೊಲ್ಲಾಪುರ. 2025ರಲ್ಲಿ ಅಲ್ಲಿ ಮತ್ತೆ ವಿಮಾನ ಶುರುವಾದವು, ಮೊದಲು ಗೋವಾಕ್ಕೆ, ಆಮೇಲೆ ಮುಂಬೈ, ಬೆಂಗಳೂರಿಗೆ. ಅದರ ಸಮಯ ಹೊಂದದಿದ್ದರೆ ಪುಣೆಗೆ ಇಳಿದು ರೈಲಿನಲ್ಲಿ ಸೊಲ್ಲಾಪುರಕ್ಕೆ ಬನ್ನಿ. ಅಲ್ಲಿಂದ ಇಂಡಿಗೆ ನೇರ ಬಸ್ ಸಿಕ್ಕರೆ ಚಲೋ. ಇಲ್ಲದಿದ್ದರೆ ಬಿಜಾಪುರ ಬಸ್ ಹತ್ತಿ, ಭೀಮಾ ದಾಟಿದ ಮೇಲೆ ಝಳಕಿ ಕ್ರಾಸಿಗೆ ಇಳಿದು ಇಂಡಿ ಕಡೆ ಹೊರಳಿ. ಒಂದು ವಿಷಯ ನೆನಪಿಡಿ: ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಅಂತರರಾಜ್ಯ ಬಸ್ಸಿಗೆ ಇಲ್ಲ. ಸೊಲ್ಲಾಪುರದಲ್ಲಿ ಹತ್ತೋ ಅಕ್ಕಂದಿರು ಆಧಾರ್ ತೋರಿಸಿದರೂ ಟಿಕೆಟ್ ತೆಗೆಯಲೇಬೇಕು. ಸ್ಲೀಪರ್, ರಾಜಹಂಸಕ್ಕೂ ಅದೇ ಮಾತು.

ಬಾಗೇವಾಡಿ, ಮುದ್ದೇಬಿಹಾಳದವರು ಹುಬ್ಬಳ್ಳಿ ನೋಡಬಹುದು. ವಿಮಾನ ನಿಲ್ದಾಣ ಊರಿಗೆ ಹತ್ತಿಕೊಂಡೇ ಇದೆ. ಅಲ್ಲಿಂದ ರೈಲು ಗದಗ, ಬಾದಾಮಿ, ಬಾಗಲಕೋಟೆ ಮೇಲೆ ಆಲಮಟ್ಟಿಗೆ ಬರುತ್ತೆ. ಮುದ್ದೇಬಿಹಾಳಕ್ಕೆ ಆಲಮಟ್ಟಿಯಲ್ಲಿ ಇಳಿದು ನಿಡಗುಂದಿಗೆ ಬಂದು ಬಸ್ ಹಿಡಿಯಿರಿ.

ಬೆಂಗಳೂರಿಗೇ ಇಳಿಯೋದು ಅನಿವಾರ್ಯವಾದರೆ ಗಡಿಯಾರ ನೋಡಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಗದಗ ಮೇಲೆ ಬೆಳಿಗ್ಗೆ ಬಿಜಾಪುರ ಮುಟ್ಟುತ್ತೆ. ಬಸವ ಎಕ್ಸ್‌ಪ್ರೆಸ್ ಇನ್ನೊಂದು ಕಡೆಯಿಂದ, ರಾಯಚೂರು, ಕಲಬುರಗಿ, ಸೊಲ್ಲಾಪುರ ಸುತ್ತಿ ಬರುತ್ತೆ. ಸಿಂದಗಿಯವರು ಅದರಲ್ಲಿ ಬಂದರೆ ಕಲಬುರಗಿಯಲ್ಲೇ ಇಳಿದುಬಿಡಿ. ವಿಮಾನ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ವಾಯುವಜ್ರ ಬಸ್ ಇದೆ. ಸಂಜೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹಿಡಿದುಕೊಳ್ಳಿ, ಬ್ಯಾಗ್ ಬರೋಕೆ ಇನ್ನೊಂದು ಗಂಟೆ. ನಾಲ್ಕರ ಮೇಲೆ ಇಳಿಯೋದಾದರೆ ರೈಲಿನ ಆಸೆ ಬಿಟ್ಟು ರಾತ್ರಿ ಬಸ್ಸಿಗೆ ಸೀಟು ಮಾಡಿಸಿ. ಈ ನಾಲ್ಕೂ ತಾಲ್ಲೂಕಿಗೆ ನೇರ ಸ್ಲೀಪರ್ ಬಸ್ ಇವೆ. ಮುದ್ದೇಬಿಹಾಳದವರು ಬಿಜಾಪುರದ ಬಸ್ ಹತ್ತಿದ್ದರೆ ಹುನಗುಂದದಲ್ಲೇ ಎದ್ದು ಇಳಿಯಿರಿ. ತಂಗಡಗಿ ಸೇತುವೆ ಮೇಲೆ ಕೃಷ್ಣಾ ದಾಟಿದರೆ ಊರು ಹತ್ತಿರ. ನಿದ್ದೆ ಹತ್ತಿ ಬಿಜಾಪುರ ಮುಟ್ಟಿದರೆ 80 ಕಿಲೋಮೀಟರ್ ವಾಪಸ್.

ಬಿಜಾಪುರದ ಪಕ್ಕ ಬುರಣಾಪುರದ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದರು. ಅಲ್ಲಿ ವಿಮಾನ ಇಳಿಯೋ ದಿನ ಈ ಸಂಚಿಕೆಯ ಅರ್ಧ ಮಾತು ಬೇಕಾಗಲ್ಲ.

ಅಕ್ಕನ ಮಗ ಈಗ ಹೈದರಾಬಾದಿಗೇ ಬರ್ತಾನೆ. ಹೋದ ಸಲ ಜೇವರ್ಗಿ ದಾಟುವಾಗ ಫೋನ್ ಮಾಡಿದ್ದ: ‘ಮಾಮಾ, ಬಸ್ ಸರಿಯಾದ್ದ ಐತಿ, ಇನ್ನೊಂದು ತಾಸಿನ್ಯಾಗ ಬರ್ತೀನಿ.’