ಚಿನ್ನದ ಮೀನಿನ ಬೀದಿಯಲ್ಲಿ

ಪರದೇಶಕ್ಕೆ ಹೊರಟವನ ಜೇಬಿನಲ್ಲಿ ಎರಡು ಪಟ್ಟಿಗಳಿರುತ್ತವೆ. ಒಂದು, ತಾನು ನೋಡಬೇಕಾದ ಸ್ಥಳಗಳದು. ಇನ್ನೊಂದು, ಊರಿನವರು ತರಹೇಳಿದ ಸಾಮಾನುಗಳದು. ಮೊದಲನೆಯದು ದಿನದಿನಕ್ಕೆ ಕಿರಿದಾಗುತ್ತದೆ. ಎರಡನೆಯದು ವಿಮಾನ ಏರುವ ಗಳಿಗೆಯವರೆಗೂ ಬೆಳೆಯುತ್ತಲೇ ಇರುತ್ತದೆ. ಕಳೆದ ಮಾಗಿಯಲ್ಲಿ ನಾನು ಹಾಂಗ್‌ಕಾಂಗಿಗೆ ಹೋದಾಗ ನನ್ನ ಎರಡನೆಯ ಪಟ್ಟಿಯಲ್ಲಿ ರೇಷ್ಮೆಯಾಗಲಿ ಕೈಗಡಿಯಾರವಾಗಲಿ ಇರಲಿಲ್ಲ. ತೀರ್ಥಹಳ್ಳಿಯ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಗೆಳೆಯರು ಬರೆದುಕೊಟ್ಟ ಚೀಟಿ ಅದು: ನೀರು ಸೋಸುವ ಫಿಲ್ಟರು, ಗಾಳಿ ಊದುವ ಪಂಪು, ನೀರನ್ನು ಬೆಚ್ಚಗಿಡುವ ಹೀಟರು, ಥರ್ಮಾಮೀಟರು, ಸಣ್ಣ ಬಲೆ, ನೀರು ಪರೀಕ್ಷಿಸುವ ಔಷಧಿ.

ಆ ಚೀಟಿಯ ಹಿಂದೆ ಒಂದು ದುಃಖವಿತ್ತು. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಕೊಟ್ಟಿದ್ದರು. ಮೂರು ಸಲ ಶಿವಮೊಗ್ಗದಿಂದ ಚಿನ್ನದ ಮೀನುಗಳು ಬಂದುವು. ಮೂರು ಸಲವೂ ಹತ್ತು ದಿನ ತುಂಬುವುದರೊಳಗಾಗಿ ಹೊಟ್ಟೆ ಮೇಲಾಗಿ ತೇಲಿದುವು. ಮೂರನೆಯ ಸಲ ಎಂಟನೆಯ ತರಗತಿಯ ಹುಡುಗನೊಬ್ಬ, “ಇನ್ನು ತರಬೇಡಿ ಸಾರ್” ಎಂದನಂತೆ. ಮೇಷ್ಟರು ಈ ಮಾತನ್ನು ನನಗೆ ಹೇಳುವಾಗ ನಗಲಿಲ್ಲ. “ಜೀವವನ್ನು ತೋರಿಸೋಣವೆಂದು ತೊಟ್ಟಿ ಇಟ್ಟೆ, ಸಾವನ್ನು ತೋರಿಸುತ್ತಿದ್ದೇನೆ. ನಿಮಗೆ ಅಲ್ಲಿ ಒಳ್ಳೆಯ ಉಪಕರಣ ಸಿಕ್ಕಿದರೆ ತನ್ನಿ” ಎಂದರು.

ಹಾಂಗ್‌ಕಾಂಗಿನ ಕೌಲೂನ್ ಭಾಗದ ಮೊಂಗ್‌ಕಾಕಿನಲ್ಲಿ ತುಂಗ್ ಚೊಯ್ ಎಂಬ ಬೀದಿಯಿದೆ. ತುಂಗ್ ಚೊಯ್ ಎಂದರೆ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಸೊಪ್ಪು. ಹಿಂದೆ ಅಲ್ಲಿ ಅದರ ಗದ್ದೆಗಳಿದ್ದುವಂತೆ. ಗದ್ದೆ ಹೋಯಿತು, ಹೆಸರು ಉಳಿಯಿತು, ನೀರೂ ಉಳಿಯಿತೆನ್ನಬೇಕು. ಏಕೆಂದರೆ ಬೀದಿಯ ಉತ್ತರದ ತುದಿಯಲ್ಲಿ ಇಕ್ಕೆಲಗಳಲ್ಲಿಯೂ ಮೀನಿನ ಅಂಗಡಿಗಳೇ. ಜನ ಅದನ್ನು ಚಿನ್ನದ ಮೀನಿನ ಬೀದಿ ಎಂದೇ ಕರೆಯುತ್ತಾರೆ. ಅಂಗಡಿಗಳ ಮುಂದೆ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಸಾಲುಸಾಲಾಗಿ ತೂಗುಹಾಕಿರುತ್ತಾರೆ. ಒಂದೊಂದರಲ್ಲಿಯೂ ಒಂದು ಜೀವ, ಮೇಲೆ ಬೆಲೆ. ಚೀನೀ ಭಾಷೆಯಲ್ಲಿ ಮೀನು ಎಂಬ ಮಾತಿಗೂ ಸಮೃದ್ಧಿ ಎಂಬ ಮಾತಿಗೂ ಉಚ್ಚಾರ ಒಂದೇ. ಹಬ್ಬದ ಮುಂದಿನ ದಿನಗಳಾದ್ದರಿಂದ ಸಮೃದ್ಧಿಯನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ನಡೆಯುವವರು ಬಹಳ ಮಂದಿ.

ನಾನು ಹೊಕ್ಕ ಅಂಗಡಿ ಅಗಲ ಕಡಿಮೆ, ಆಳ ಹೆಚ್ಚು. ಯಜಮಾನ ವಯಸ್ಸಾದವನು, ಇಂಗ್ಲಿಷ್ ಅವನಿಗೆ ಅಂಗಡಿಗೆ ಸಾಕಾಗುವಷ್ಟು ಬರುತ್ತಿತ್ತು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಜಪಾನಿನ ಹೀಟರು, ತೆಳ್ಳಗೆ, ಸೊಗಸಾಗಿತ್ತು. ಅವನು ಅದನ್ನು ನನ್ನ ಕೈಯಿಂದ ತೆಗೆದು ಹಿಂದಕ್ಕಿಟ್ಟ. ಜಪಾನಿನ ಮನೆಗಳಲ್ಲಿ ವಿದ್ಯುತ್ತು 100 ವೋಲ್ಟ್, ನಮ್ಮಲ್ಲಿ 230. ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಆ ಕಡ್ಡಿಯನ್ನು ನಮ್ಮಲ್ಲಿ ಚುಚ್ಚಿದರೆ ಐದುಪಟ್ಟಿಗಿಂತ ಹೆಚ್ಚು ಶಾಖ ಹೊಮ್ಮಿ ಕಡ್ಡಿ ಸುಟ್ಟುಹೋದೀತು, ಇಲ್ಲವೆ ಮೀನು ಬೆಂದೀತು. ಹಾಂಗ್‌ಕಾಂಗಿಗೆಂದು ಮಾಡಿದ್ದು 220 ವೋಲ್ಟಿನದು, ಆವರ್ತನವೂ ನಮ್ಮಂತೆಯೇ 50; ಪ್ಲಗ್ಗಿನ ಚಪ್ಪಟೆ ಕಡ್ಡಿಗಳನ್ನು ಬಿಟ್ಟರೆ ಬೇರೆ ತೊಡಕಿಲ್ಲ. “ಯಾವ ಮೀನು?” ಎಂದು ಕೇಳಿದ. ಚಿನ್ನದ ಮೀನು ಎಂದೆ. “ಹಾಗಾದರೆ ಹೀಟರೇ ಬೇಡ. ಅದು ತಣ್ಣೀರಿನ ಮೀನು” ಎಂದ. ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿದೆ. ಪರೀಕ್ಷೆಯ ದ್ರವಗಳಲ್ಲಿ ಆಮ್ಲವಿರುತ್ತದೆ, ವಿಮಾನದಲ್ಲಿ ತಡೆದಾರು ಎಂದು ಅದ್ದಿ ನೋಡುವ ಕಾಗದದ ಪಟ್ಟಿಗಳನ್ನು ಕೊಟ್ಟ.

ಕೊನೆಗೆ ಫಿಲ್ಟರಿನ ಮಾತು ಬಂತು. ಅತ್ಯುತ್ತಮವಾದದ್ದನ್ನು ಕೊಡು ಎಂದೆ. ಅವನು ಕೊಡಲಿಲ್ಲ, ಒಂದು ಪ್ರಶ್ನೆ ಕೇಳಿದ: “ಮೀನು ಬಿಡುವ ಮೊದಲು ನೀರು ಎಷ್ಟು ದಿನ ಇತ್ತು?” ಬೆಳಗ್ಗೆ ತೊಟ್ಟಿ ತುಂಬಿಸಿ ಸಂಜೆ ಮೀನು ಬಿಟ್ಟದ್ದನ್ನು ಹೇಳಿದೆ. ಆತ ತನ್ನ ತೊಟ್ಟಿಯೊಂದರೊಳಗೆ ಕೈಯಿಟ್ಟು, ಕಂದುಬಣ್ಣಕ್ಕೆ ತಿರುಗಿದ ಸ್ಪಂಜಿನ ತುಂಡೊಂದನ್ನು ಎತ್ತಿ ತೋರಿಸಿದ. “ಇದು ಫಿಲ್ಟರು. ಯಂತ್ರ ನೀರನ್ನು ತಳ್ಳುತ್ತದೆ, ಅಷ್ಟೆ.”

ಅವನು ಒಂದು ಮಾತಿನಲ್ಲಿ ಹೇಳಿದ್ದನ್ನು ವಿಜ್ಞಾನ ಸ್ವಲ್ಪ ವಿಸ್ತಾರವಾಗಿ ಹೇಳುತ್ತದೆ. ಮೀನಿನ ಮೈಯಿಂದ ಹೊರಬೀಳುವ ಅಮೋನಿಯ ಮೀನಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟಿಗೆ ಇಳಿಸುತ್ತವೆ. ಅದು ಅಷ್ಟು ಕೇಡಿನದಲ್ಲ, ಗಿಡಗಳಿಗಂತೂ ಆಹಾರ. ಈ ಜೀವಿಗಳು ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಎರಡು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೊಳೆತ ಎಲೆ ತಿನ್ನುವ ಬಸವನಹುಳು, ಇವನ್ನು ಒಂದೇ ಗಾಜಿನ ಪಾತ್ರೆಯಲ್ಲಿಟ್ಟು ಪರಸ್ಪರ ಬದುಕುವಂತೆ ಮಾಡಿದ ಪ್ರಯೋಗವನ್ನು ವಿದ್ವಾಂಸರ ಮುಂದಿಟ್ಟ. ಅದೇ ಹೆಸರಿನ ಅವನ ಮಗ 1870ರ ದಶಕದ ಕೊನೆಯಿಂದ ರಾಥಮ್‌ಸ್ಟೆಡ್ಡಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಮಣ್ಣಿನಲ್ಲಿ ಅಮೋನಿಯ ನೈಟ್ರೇಟಾಗುವ ಬಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ. ತಂದೆಯ ತೊಟ್ಟಿಯ ಗುಟ್ಟಿನ ಅರ್ಧಭಾಗ ಮಗನ ಹೊಲದಲ್ಲಿ ಸಿಕ್ಕಿತೆನ್ನಬಹುದು.

ನಮ್ಮ ಮೇಷ್ಟರ ಮೀನುಗಳು ಸತ್ತದ್ದು ಉಪಕರಣವಿಲ್ಲದೆ ಅಲ್ಲ, ಅವಸರದಿಂದ. ಎಲ್ಲಕ್ಕಿಂತ ಅಗ್ಗದ ಸ್ಪಂಜಿನ ಫಿಲ್ಟರನ್ನೇ ಕೊಂಡೆ.

ದುಡ್ಡು ಕೊಟ್ಟು ಹೊರಡುವಾಗ ಬಾಗಿಲ ಬಳಿಯ ಚೀಲವೊಂದು ನನ್ನನ್ನು ತಡೆಯಿತು. ಬೆರಳುದ್ದದ ಐದು ಮೀನುಗಳು. ಕಂದು ಮೈಮೇಲೆ ಹಳದಿ ಗೆರೆಗಳು, ಬಾಯಿಯ ಸುತ್ತ ಸಣ್ಣ ಮೀಸೆ. ಎಲ್ಲಿಯದೆಂದು ಕೇಳಿದೆ. “ಇಂಡಿಯಾ” ಎಂದು ಅಂಗಡಿಯವನು ನನ್ನನ್ನೇ ತೋರಿಸಿ ನಕ್ಕ. ಚಿತ್ರ ತೆಗೆದು ಮೇಷ್ಟರಿಗೆ ಫೋನಿನಲ್ಲಿ ಕಳುಹಿಸಿದೆ.

ಉತ್ತರ ರಾತ್ರಿ ಬಂತು. ಆ ಮೀನಿನ ಹೆಸರು ಬೋಟಿಯಾ ಸ್ಟ್ರಿಯಾಟಾ. ಅದನ್ನು 1920ರಲ್ಲಿ ಮೊದಲು ಹೆಸರಿಟ್ಟು ವರ್ಣಿಸಿದವರು ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾಯರು. ಅವರಿಗೆ ಅದು ದೊರೆತದ್ದು ತುಂಗಾನದಿಯಲ್ಲಿ. ಪಶ್ಚಿಮಘಟ್ಟದ ಹೊಳೆಗಳಲ್ಲಲ್ಲದೆ ಬೇರೆಲ್ಲಿಯೂ ಅದು ಸಹಜವಾಗಿ ಬೆಳೆಯುವುದಿಲ್ಲ. ಇಂದು ಅದು ಅಳಿವಿನ ಅಪಾಯದಲ್ಲಿರುವ ಜಾತಿಗಳ ಸಾಲಿನಲ್ಲಿದೆ. 2005ರಿಂದ 2012ರವರೆಗೆ ಭಾರತದಿಂದ ಇಂಥ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಮೀನುಗಳು ಅಲಂಕಾರಕ್ಕೆಂದು ರಫ್ತಾದುವೆಂದು 2013ರ ಅಧ್ಯಯನವೊಂದು ಲೆಕ್ಕಹಾಕಿತು. ಹೆಚ್ಚು ಸಂಖ್ಯೆಯಲ್ಲಿ ಹೋದವುಗಳಲ್ಲಿ ಈ ಪಟ್ಟೆಮೀನೂ ಒಂದು. ಮೇಷ್ಟರು ಕಡೆಯಲ್ಲಿ ಬರೆದಿದ್ದರು: “ಶಾಲೆಯಿಂದ ಹೊಳೆಗೆ ಅರ್ಧ ಮೈಲಿ. ನಾನು ಇದನ್ನು ಈವರೆಗೆ ನೋಡಿಲ್ಲ.”

ಮಾರನೆಯ ದಿನ ಮತ್ತೆ ಆ ಬೀದಿಗೆ ಹೋದೆ. ಚೀಲವನ್ನು ಕೊಂಡು ಮರಳಿ ತುಂಗೆಗೆ ಬಿಡುವ ಹುಚ್ಚು ಯೋಚನೆಯೊಂದು ರಾತ್ರಿಯೆಲ್ಲ ಕಾಡಿತ್ತು. ಜೀವಂತ ಮೀನನ್ನು ನಮ್ಮ ದೇಶಕ್ಕೆ ತರಲು ಪರವಾನಗಿ ಬೇಕು, ಕ್ವಾರಂಟೈನ್ ಆಗಬೇಕು. ಅದು ನ್ಯಾಯವೇ, ಅನ್ಯನೀರಿನ ರೋಗವನ್ನು ಹೊಳೆಗೆ ಬೆರೆಸಿದವನು ಹೊಳೆಗೆ ಉಪಕಾರ ಮಾಡಿದವನಲ್ಲ. ಚೀಲ ಅಲ್ಲಿರಲಿಲ್ಲ. ಯಾರೋ ಕೊಂಡುಹೋಗಿದ್ದರು.

ಊರಿಗೆ ಬಂದು ಸಾಮಾನು ಒಪ್ಪಿಸಿದೆ. ಮೇಷ್ಟರು ತೊಟ್ಟಿ ತುಂಬಿಸಿ, ಫಿಲ್ಟರು ಹಚ್ಚಿ, ಮೀನು ಬಿಡಲಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ಅದನ್ನು ಕೊಳೆಯಬಿಟ್ಟರು. ಮಕ್ಕಳು ಸರದಿಯಂತೆ ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಗೋಡೆಯ ಮೇಲಿನ ಹಾಳೆಯಲ್ಲಿ ಬರೆದರು. ಅಮೋನಿಯ ಏರಿ ಇಳಿಯಿತು. ನೈಟ್ರೈಟ್ ಏರಿ ಇಳಿಯಿತು. “ಖಾಲಿ ತೊಟ್ಟಿಯನ್ನೇನು ನೋಡುತ್ತೀರಿ?” ಎಂದು ಬೇರೆ ತರಗತಿಯವರು ನಕ್ಕರಂತೆ. ಆರು ವಾರ ಕಳೆದ ಮೇಲೆ ಎರಡೇ ಚಿನ್ನದ ಮೀನು ಬಂದುವು. ತರಬೇಡಿ ಎಂದಿದ್ದ ಹುಡುಗನೇ ಬಿಟ್ಟನಂತೆ. ಇಂದಿಗೆ ಮೂರು ತಿಂಗಳು, ಎರಡೂ ಇವೆ.

ಮೊನ್ನೆ ಮೇಷ್ಟರ ಕಾಗದ ಬಂತು. ಭಾನುವಾರ ಮಕ್ಕಳನ್ನು ಹೊಳೆಗೆ ಕರೆದೊಯ್ದಿದ್ದರಂತೆ; ಬೇಸಗೆಯ ತಿಳಿನೀರು. ಆ ಹುಡುಗ ಬಂಡೆಯ ಮೇಲೆ ಬೋರಲು ಮಲಗಿ ಬಹಳ ಹೊತ್ತು ನೀರೊಳಗೆ ದೃಷ್ಟಿಯಿಟ್ಟಿದ್ದ. ಮರಳಿನ ಬಳಿ ಪಟ್ಟೆಯ ಮೀನೊಂದು ಸುಳಿದು ಕಲ್ಲಿನ ಕೆಳಗೆ ಹೋಯಿತೆಂದು ಎದ್ದು ಹೇಳಿದ. ಬೇರೆ ಯಾರಿಗೂ ಕಾಣಲಿಲ್ಲ. “ಅವನು ನೋಡಿದೆನೆನ್ನುತ್ತಾನೆ, ನಾನು ನಂಬಿದ್ದೇನೆ” ಎಂದು ಮೇಷ್ಟರು ಬರೆದಿದ್ದಾರೆ. ಬಲೆಯನ್ನು ಅವರು ಶಾಲೆಯಲ್ಲಿಯೇ ಬಿಟ್ಟುಹೋಗಿದ್ದರಂತೆ.